ಕಲಬುರಗಿಯ ಸುಬೇದಾರ್ ಸಾಹೇಬರ ಪೆನ್ಷನ್ ಅಪೀಲು ಆಫೀಸು: ನಮ್ಮಕ್ಕನ ಕೇಸಿನ ಅನುಭವ

ಮಿಲಿಟರಿಯಲ್ಲಿದ್ದಾಗಲೇ ಗಂಡನೋ ಮಗನೋ ತೀರಿಕೊಂಡಿದ್ದಾರೆ, ಆದರೆ 'ಸಾವಿಗೂ ನೌಕರಿಗೂ ಸಂಬಂಧ ಇಲ್ಲ' ಅಂತ ಕಾಗದ ಬಂದಿದೆ. ಬೀದರ್, ಕಲಬುರಗಿ, ಯಾದಗಿರಿ ಕಡೆ ಇಂಥ ಮನೆಗಳಿದ್ದರೆ ಅವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ಒಬ್ಬ ನಿವೃತ್ತ ಸುಬೇದಾರರು ಒಂದು ಸಣ್ಣ ಆಫೀಸು ಇಟ್ಟಿದ್ದಾರೆ. ಜೊತೆಗೆ ಒಬ್ಬ ವಕೀಲರು ಮೇಡಂ ಕೂರುತ್ತಾರೆ. ಕೆಲಸ ಇದೊಂದೇ: ಪೆನ್ಷನ್ ಅಪೀಲು. ಬೋರ್ಡಿನ ಹೆಸರು, ಫೋನ್ ನಂಬರ್ ಹಾಕಬೇಡಿ ಎಂದು ಅವರೇ ಹೇಳಿದ್ದರಿಂದ ಹಾಕಿಲ್ಲ. ಸೈನಿಕ ಕಲ್ಯಾಣ ಕಚೇರಿ ಹತ್ತಿರ ಯಾವ ಮಾಜಿ ಸೈನಿಕರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನನ್ನದು ಹುಮನಾಬಾದಿನಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಕೋರ್ಟು ಕಚೇರಿ ನನಗೆ ಹೊಸದು. ಭಾವ ಹವಾಲ್ದಾರ್ ಆಗಿದ್ದರು, ಹದಿನಾರು ವರ್ಷ ಸರ್ವಿಸ್. 2019ರ ಜನವರಿಯಲ್ಲಿ ಕಾಶ್ಮೀರದ ಎಲ್‌ಒಸಿ ಹತ್ತಿರ, ಎತ್ತರದ ಒಂದು ಠಾಣೆಯಲ್ಲಿ ಬೆಳಗಿನ ಜಾವ ಎದೆನೋವು ಬಂತು. ಹವಾಮಾನ ಸರಿಯಿರಲಿಲ್ಲ, ಹೆಲಿಕಾಪ್ಟರ್ ಬರಲಿಲ್ಲ. ಅಲ್ಲೇ ಹೋದರು. ಊರಲ್ಲಿ ತ್ರಿವರ್ಣ ಧ್ವಜ ಹೊದಿಸಿ, ಗಾಳಿಯಲ್ಲಿ ಗುಂಡು ಹಾರಿಸಿ ಮಣ್ಣು ಮಾಡಿದೆವು. ಮುಂದೆ ಕೆಲವು ತಿಂಗಳಿಗೆ ಒಂದು ಕಾಗದ ಬಂತು. ರೋಗ ಅವರ ದೇಹಪ್ರಕೃತಿಗೆ ಸಂಬಂಧಿಸಿದ್ದು, ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಷ್ಟೇ, ಒಂದು ಸಾಲು. ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ.

ಈ ಒಂದು ಸಾಲಿನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನಮಗೆ ಲೆಕ್ಕ ಹಾಕಿ ತೋರಿಸಿದ್ದು ಈ ಸುಬೇದಾರ್ ಸಾಹೇಬರೇ. ಕೊನೆಯ ಸಂಬಳ 40,000 ಅಂತ ಇಟ್ಟುಕೊಳ್ಳಿ. ಸಾಮಾನ್ಯ ಕುಟುಂಬ ಪೆನ್ಷನ್ ಅದರ ಶೇ 30, ಅಂದರೆ 12,000. ನೌಕರಿಯಲ್ಲಿದ್ದಾಗಲೇ ತೀರಿಕೊಂಡರೆ ಮೊದಲ 10 ವರ್ಷ ಮಾತ್ರ ಶೇ 50, ಅಂದರೆ 20,000 ಕೊಡುತ್ತಾರೆ. ಸಾವಿಗೆ ಸೇವೆ ಕಾರಣ ಅಂತ ಒಪ್ಪಿದರೆ ವಿಶೇಷ ಕುಟುಂಬ ಪೆನ್ಷನ್, ಶೇ 60, ಅಂದರೆ 24,000. ಯುದ್ಧ, ಶತ್ರುವಿನ ದಾಳಿ, ಉಗ್ರರ ಗುಂಡು, ಇಂಥದ್ದರಲ್ಲಿ ಹೋದರೆ ಲಿಬರಲೈಸ್ಡ್ ಪೆನ್ಷನ್, ಪೂರ್ತಿ 40,000. ಡಿಎ ಇದರ ಮೇಲೆ ಬೇರೆ. ಅಕ್ಕನಿಗೆ ಈಗ ಶೇ 50 ಬರುತ್ತಿದೆ, ಹಾಗಾಗಿ ಸುಮಾರು ಜನ ನಮಗೆ 'ಬರ್ತಾ ಇದೆಯಲ್ಲ, ಸುಮ್ನೆ ಯಾಕೆ ಕೋರ್ಟು' ಅಂದರು. 2029ಕ್ಕೆ ಅದು ಶೇ 30ಕ್ಕೆ ಇಳಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆಗ ದೊಡ್ಡ ಹುಡುಗಿ ಕಾಲೇಜಿನಲ್ಲಿರುತ್ತಾಳೆ.

ಇವರ ಹತ್ತಿರ ಬರುವ ಮೊದಲು ಬೇರೆ ಊರಿನ ಒಬ್ಬ ಏಜೆಂಟನ ಕೈಗೆ ಸಿಕ್ಕಿದ್ದೆವು. ಅವರು ಬರೆದುಕೊಟ್ಟ ಮೊದಲ ಅಪೀಲಿನಲ್ಲಿ ಭಾವನ ಹೆಸರು, ನಂಬರ್ ಬಿಟ್ಟರೆ ಭಾವನ ಬಗ್ಗೆ ಒಂದು ಮಾತೂ ಇರಲಿಲ್ಲ. ಬಡ ವಿಧವೆ, ದಯೆ ತೋರಿಸಬೇಕು ಅಂತ ಎರಡು ಪುಟ. ಅದು ವಜಾ ಆಯಿತು. ಬಾಕಿ ದುಡ್ಡು ಬಂದರೆ ಅದರಲ್ಲಿ ಇಷ್ಟು ಪರ್ಸೆಂಟ್ ನನಗೆ ಅಂತ ಬಾಂಡ್ ಪೇಪರಿನ ಮೇಲೆ ಅಕ್ಕನ ಸಹಿ ಬೇರೆ ಕೇಳಿದ್ದರು. ಗೆದ್ದರೆ ಇಷ್ಟು ಪಾಲು ಅಂತ ಫೀಸು ಮಾತಾಡುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷಿದ್ಧ. ಇದನ್ನು ನನಗೆ ಹೇಳಿದವರು ಕಲಬುರಗಿಯ ವಕೀಲರು ಮೇಡಂ. ದಯವಿಟ್ಟು ಯಾರೂ ಅಂಥ ಬಾಂಡಿಗೆ ಸಹಿ ಹಾಕಬೇಡಿ. ಖಾಲಿ ವಕಾಲತ್ತಿಗೂ ಹಾಕಬೇಡಿ.

ಇನ್ನು ಈ ಆಫೀಸಿನ ಬಗ್ಗೆ. ಜಾಗ ಇಕ್ಕಟ್ಟು. ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿ, ಒಳಗೆ ಕಬ್ಬಿಣದ ಎರಡು ಕಪಾಟು, ಒಂದು ಪ್ರಿಂಟರ್, ಗೋಡೆಗೆ ಒಂದು ಹಳೆ ರೆಜಿಮೆಂಟಿನ ಫೋಟೋ. ಸಾಹೇಬರು ಮಿಲಿಟರಿಯಲ್ಲಿ ಕ್ಲರ್ಕ್ ಆಗಿದ್ದವರು. ಅಂದರೆ ಈ ಕಾಗದಗಳು ಯಾವ ಟೇಬಲ್ಲಿನಿಂದ ಯಾವ ಟೇಬಲ್ಲಿಗೆ ಹೋಗುತ್ತವೆ ಅಂತ ಒಳಗಿನಿಂದ ಗೊತ್ತಿರುವವರು. ನಾವು ಹೋದಾಗ ಅಕ್ಕನಿಗೆ ಹೇಳಿದ ಮೊದಲ ಮಾತು: "ಬಾ ತಂಗಿ, ಕೂಡು. ಅಳೋದು ಆಮೇಲೆ, ಮೊದಲು ನೀರು ಕುಡಿ. ಅವರು ಕೊಟ್ಟ ಕಾಗದ ಕೊಡು ಇಲ್ಲಿ." ಓದಿ ಮುಗಿಸಿ ಕನ್ನಡಕ ತೆಗೆದು, "ಇದರಾಗ ಕಾರಣನೇ ಇಲ್ಲಲ್ಲ!" ಅಂದರು.

ನನ್ನ ಪ್ರಕಾರ ಈ ಆಫೀಸಿನ ನಿಜವಾದ ಬೆಲೆ ಇರುವುದು ಈ ಮಾತಿನಲ್ಲೇ. ಅಲ್ಲಿಯವರೆಗೆ ಎಲ್ಲರೂ ನಮ್ಮನ್ನೇ ಕೇಳುತ್ತಿದ್ದರು: ಸೇವೆಯಿಂದಲೇ ಸತ್ತರು ಅಂತ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ? ಹುಮನಾಬಾದಿನಲ್ಲಿ ಕೂತ ನಮ್ಮಕ್ಕ ಕಾಶ್ಮೀರದ ಬೆಟ್ಟದ ಮೇಲೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಸಾಹೇಬರು ನಿಯಮದ ಪುಸ್ತಕ ತೆಗೆದು ತೋರಿಸಿದರು. ಇಂಥ ಪೆನ್ಷನ್ ಯಾರಿಗೆ ಸಿಗಬೇಕು ಅನ್ನುವ 1982ರ ನಿಯಮದಲ್ಲೂ, 2008ರ ನಿಯಮದಲ್ಲೂ ಅರ್ಜಿದಾರರನ್ನು ಸಾಮಾನ್ಯವಾಗಿ ಸಾಕ್ಷಿ ಕೊಡಿ ಅಂತ ಕೇಳುವ ಹಾಗಿಲ್ಲ. 2013ರಲ್ಲಿ ಧರ್ಮವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸೇರುವಾಗ ಡಾಕ್ಟರು ಪರೀಕ್ಷೆ ಮಾಡಿ, ರೋಗ ಇದೆ ಅಂತ ಏನೂ ಬರೆಯದೆ ತೆಗೆದುಕೊಂಡಿದ್ದರೆ, ಆಗ ಅವನು ಗಟ್ಟಿಯಾಗಿದ್ದ ಅಂತಲೇ ಹಿಡಿಯಬೇಕು. ಆಮೇಲೆ ಬಂದ ರೋಗಕ್ಕೆ ಸೇವೆ ಕಾರಣ ಅಲ್ಲ ಅನ್ನುವುದಾದರೆ, ಯಾಕೆ ಅಲ್ಲ ಅಂತ ಮೆಡಿಕಲ್ ಬೋರ್ಡು ಬರೆಯಬೇಕು. ಅನುಮಾನ ಇದ್ದರೆ ಅದರ ಲಾಭ ಸೈನಿಕನಿಗೆ.

ನಾನು ಮೋಟಾರ್ ಬಿಚ್ಚಿ ಕಾಯಿಲ್ ನೋಡದೆ ಯಾಕೆ ಸುಟ್ಟಿತು ಅಂತ ರೈತನಿಗೆ ಹೇಳುವುದಿಲ್ಲ. ಹೇಳಿದರೆ ಅವನು ಒಪ್ಪುವುದೂ ಇಲ್ಲ. ಹದಿನಾರು ವರ್ಷ ದುಡಿದ ಮನುಷ್ಯನ ಎದೆ ಯಾಕೆ ನಿಂತಿತು ಅಂತ ಬಿಚ್ಚಿ ನೋಡದೆ ಒಂದು ಸಾಲು ಬರೆದು ಕಳಿಸಿದ್ದಾರೆ ಅಂತ ಅವತ್ತು ಅರ್ಥವಾಯಿತು.

ಮುಂದಿನ ಕೆಲಸ ನೋಡಿ, ಇದಕ್ಕೇ ನಾನು ಇವರನ್ನು ಹೊಗಳುವುದು. ಹೃದಯಾಘಾತದ ಕೇಸಿನಲ್ಲಿ ಹಿಂದಿನ 14 ದಿನ ಆ ಸೈನಿಕ ಏನೇನು ಡ್ಯೂಟಿ ಮಾಡಿದ್ದ ಅಂತ ನೋಡಬೇಕು ಅಂತ ಮಿಲಿಟರಿ ಡಾಕ್ಟರುಗಳ ಆಗಿನ ಮಾರ್ಗದರ್ಶಿ ಪುಸ್ತಕದಲ್ಲೇ ಇತ್ತು. ನಮ್ಮ ಕಾಗದದಲ್ಲಿ ಆ 14 ದಿನದ ಸುದ್ದಿಯೇ ಇರಲಿಲ್ಲ. ಸಾಹೇಬರು ಅದನ್ನು ಆರ್‌ಟಿಐನಲ್ಲಿ ಕೇಳಿಸಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಪುಟದ ಅರ್ಜಿ. ಗಡಿಯ ವಿಷಯ, ಕೊಡುವುದಿಲ್ಲ ಅಂದುಬಿಟ್ಟರೆ ಅಂತ ನಾನು ಕೇಳಿದೆ. ಅವರು ಅರ್ಜಿಯಲ್ಲೇ ಬರೆಸಿದ್ದರು: ಜಾಗದ ಹೆಸರು ಬೇಡ, ಬೇರೆಯವರ ಹೆಸರು ಬೇಡ, ಅವನ್ನೆಲ್ಲ ಮುಚ್ಚಿ ಇವರೊಬ್ಬರ ಡ್ಯೂಟಿ ಮಾತ್ರ ಕೊಡಿ. ಜೊತೆಗೆ ಸೇರುವಾಗಿನ ಮೆಡಿಕಲ್ ಕಾಗದ, ಪ್ರತಿ ವರ್ಷದ ಮೆಡಿಕಲ್, ಪೋಸ್ಟ್‌ಮಾರ್ಟಂ ವರದಿ, ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯೇ ನಡೆಸುವ ವಿಚಾರಣೆ, ನಡೆದಿದ್ದರೆ ಅದರ ಪ್ರತಿ.

ಉತ್ತರ ತಡವಾಗಿ ಬಂತು, ಆದರೆ ಬಂತು. ಡ್ಯೂಟಿ ರೋಸ್ಟರಿನ ಝೆರಾಕ್ಸ್, ಅರ್ಧ ಕಪ್ಪು ಮಸಿ ಬಳಿದದ್ದು. ಆ ಮಸಿಯ ನಡುವೆ ಭಾವನ ಆರ್ಮಿ ನಂಬರ್ ಇದ್ದ ಸಾಲು ಮಾತ್ರ ಬಿಳಿ. ತಾರೀಖಿನ ಕೆಳಗೆ ಕೈಬರಹದಲ್ಲಿ ರಾತ್ರಿ ಸಂತ್ರಿ, ರಾತ್ರಿ ಸಂತ್ರಿ, ಹಿಮ ತೆಗೆಯುವುದು, ಮತ್ತೆ ರಾತ್ರಿ ಸಂತ್ರಿ, ಸಾಮಾನು ಹೊರುವುದು, ಹಿಮ ತೆಗೆಯುವುದು. ಕೊನೆಯ ಖಾನೆಯಲ್ಲಿ ಏನೂ ಬರೆದಿರಲಿಲ್ಲ. ಸಾಹೇಬರು ಸ್ಕೇಲ್ ಇಟ್ಟು ಒಂದೊಂದೇ ದಿನ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದರು. ಫೋನಿನಲ್ಲಿ ಮಾತಾಡುವಾಗ ಭಾವ ಯಾವತ್ತೂ ಇದನ್ನೆಲ್ಲ ಹೇಳಿರಲಿಲ್ಲ, 'ಆರಾಮ ಇದ್ದೀನಿ, ಮಕ್ಕಳ ಫೀಸು ಕಟ್ಟಿದ್ಯಾ' ಅಷ್ಟೇ. ಅಕ್ಕ ಆ ಹಾಳೆಯ ಇನ್ನೊಂದು ಝೆರಾಕ್ಸ್ ಮಾಡಿಸಿಕೊಂಡು ಮನೆಗೆ ತಂದಳು. ಕೇಸಿಗೆ ಬೇಕು ಅಂತಲ್ಲ, ಮಕ್ಕಳಿಗೆ ತೋರಿಸಲಿಕ್ಕೆ.

ಎರಡನೇ ಅಪೀಲು ಈ ಹಾಳೆಗಳ ಮೇಲೆ ನಿಂತಿತ್ತು. ದಯೆ ಅನ್ನುವ ಪದವೇ ಇರಲಿಲ್ಲ. ಸೇರುವಾಗ ಆರೋಗ್ಯ ಹೀಗಿತ್ತು, ಕೊನೆಯ ಮೆಡಿಕಲ್‌ನಲ್ಲಿ ಶೇಪ್-1 (ಪೂರ್ತಿ ಆರೋಗ್ಯವಂತ ಅಂತ ಸೇನೆ ಕೊಡುವ ದರ್ಜೆ), ಎತ್ತರದ ಜಾಗದಲ್ಲಿ ಇಷ್ಟು ತಿಂಗಳು, ಕೊನೆಯ 14 ದಿನ ಇಂಥ ಡ್ಯೂಟಿ, ನಿಮ್ಮ ಕಾಗದದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಓದಿದರೆ ನನ್ನಂಥವನಿಗೂ ಗೊತ್ತಾಗುವ ಹಾಗಿತ್ತು.

ಅದೂ ವಜಾ ಆಯಿತು. ಇದನ್ನು ಮುಚ್ಚಿಡುವುದಿಲ್ಲ. ಮೊದಲ ಅಪೀಲಿಗೆ ಆರು ತಿಂಗಳ ಗಡುವು, ಎರಡನೆಯದಕ್ಕೂ ಆರು ತಿಂಗಳು, ಇವೆರಡೂ ಇಲಾಖೆಯ ಒಳಗಿನ ಸಮಿತಿಗಳೇ. ಇಲ್ಲಿ ಗೆಲ್ಲುವವರು ಕಡಿಮೆ ಅಂತ ಸಾಹೇಬರು ಮೊದಲೇ ಹೇಳಿದ್ದರು. ಆದರೆ ಇಲ್ಲಿ ಏನು ಬರೆದಿರುತ್ತೀರೋ ಅದೇ ಮುಂದೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂದೆ ಬರುತ್ತದೆ, ಹಾಗಾಗಿ ಇಲ್ಲಿಯೇ ಸರಿಯಾಗಿ ಬರೆಯಬೇಕು ಅನ್ನುವುದು ಅವರ ಪಟ್ಟು.

ಈ ನ್ಯಾಯಮಂಡಳಿ 2007ರ ಕಾಯ್ದೆಯಲ್ಲಿ ಬಂದದ್ದು, 2009ರಲ್ಲಿ ಶುರುವಾಯಿತು. ಕರ್ನಾಟಕದವರಿಗೆ ಪೀಠ ಇರುವುದು ಕೊಚ್ಚಿಯಲ್ಲಿ. ಕೊಚ್ಚಿ ಅಂದ ಕೂಡಲೇ ಅಕ್ಕ ಬೇಡವೇ ಬೇಡ ಅಂದಳು. ಹುಮನಾಬಾದಿನಿಂದ ಕಲಬುರಗಿಗೆ ಈಗ ರೈಲು ಇದೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಕೊಚ್ಚಿಗೆ ಯಾರು ಅಲೆಯಬೇಕು? ವಕೀಲರು ಮೇಡಂ ಸಮಾಧಾನ ಮಾಡಿದರು. ಅಫಿಡವಿಟ್ ಇಲ್ಲೇ ನೋಟರಿ ಮಾಡಿಸಿದರು, ಎರ್ನಾಕುಲಂನ ಒಬ್ಬ ವಕೀಲರ ಜೊತೆ ಸೇರಿ ಕೇಸು ಹಾಕಿದರು. ಪ್ರತಿ ತಾರೀಖಿಗೂ ಅಕ್ಕ ಅಲ್ಲಿಗೆ ಹೋಗಬೇಕಿಲ್ಲ. ಅಲ್ಲಿ ಸೋತರೆ ಹೈಕೋರ್ಟಿಗೆ ಹೋಗುವ ದಾರಿ ಮುಚ್ಚಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನೂ ತಿಳಿಸಿದರು. ಕೇಸು ಈಗ ಕೊಚ್ಚಿಯಲ್ಲಿ ನಡೆಯುತ್ತಿದೆ.

ಅಕ್ಕನಿಗೆ ಧೈರ್ಯ ಬಂದದ್ದು ಸರೋಜ ದೇವಿ ಅವರ ತೀರ್ಪು ಕೇಳಿದ ಮೇಲೆ. ಸಾಹೇಬರ ಟೇಬಲ್ಲಿನ ಗಾಜಿನ ಕೆಳಗೆ ಅದರ ಒಂದು ಪುಟ ಇದೆ, ಹಳದಿ ಪೆನ್ನಿನ ಗೆರೆ ಹಾಕಿದ್ದು. ಆಕೆಯ ಗಂಡ ನಾಯಕ್ ಆಗಿದ್ದರು. 1997ರ ಜನವರಿಯಲ್ಲಿ ಕಾಶ್ಮೀರದ ಗಡಿಯಲ್ಲಿ ಗಸ್ತಿನಲ್ಲಿದ್ದಾಗ, ಆ ಕೊರೆಯುವ ಚಳಿಯಲ್ಲಿ ಹೃದಯ ಮತ್ತು ಉಸಿರು ನಿಂತು ತೀರಿಕೊಂಡರು. ಮೊದಲು ಯುದ್ಧದ ಸಾವು ಅಂತ ಬರೆದರು, ಆಮೇಲೆ ಅಲ್ಲ ಅಂತ ತಿದ್ದಿದರು. ಆಕೆ ಲಿಬರಲೈಸ್ಡ್ ಪೆನ್ಷನ್ ಕೇಳಿ ನ್ಯಾಯಮಂಡಳಿಗೆ ಹೋಗಿ 2019ರಲ್ಲಿ ಗೆದ್ದರು. ಸರ್ಕಾರ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಅಪೀಲು ವಜಾ ಮಾಡಿ, ಸೈನಿಕನ ಹೆಂಡತಿಯನ್ನು ಇಲ್ಲಿವರೆಗೆ ಎಳೆದು ತರಬಾರದಿತ್ತು ಅಂದು, ಆಕೆಗೆ 50,000 ರೂಪಾಯಿ ಖರ್ಚು ಕೊಡಲು ಹೇಳಿತು. ಗಡಿಯಲ್ಲಿ ಕೆಲಸ ಮಾಡುವಾಗ ಹವೆಯಿಂದ ಬಂದ ಕಾಯಿಲೆಯೂ ಯುದ್ಧದ ಸಾವಿನ ಲೆಕ್ಕಕ್ಕೇ ಬರುತ್ತದೆ ಅಂತ 2003ರ ಸೇನಾ ಆದೇಶದಲ್ಲೇ ಇತ್ತು. ಅದನ್ನೇ ಕೋರ್ಟು ಎತ್ತಿ ತೋರಿಸಿತು. ನಮ್ಮ ಕೇಸಿನಲ್ಲೂ ಈಗ ವಿಶೇಷ ಪೆನ್ಷನ್ ಜೊತೆಗೆ ಈ ಲಿಬರಲೈಸ್ಡ್ ಪೆನ್ಷನ್ನನ್ನೂ ಕೇಳಿದ್ದೇವೆ. ಸರೋಜ ದೇವಿ ಅವರಿಗೆ ಗಂಡನ ಸಾವಿನಿಂದ ಕೊನೆಯ ತೀರ್ಪಿನವರೆಗೆ ಸುಮಾರು 28 ವರ್ಷ. ಆ ಹೆಣ್ಣುಮಗಳು ಅಷ್ಟು ವರ್ಷ ಕಾಯಬೇಕಾಯಿತಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ. ಅಕ್ಕ ಮಾತ್ರ 'ಆಕೀ ಬಿಡಲಿಲ್ಲ ನೋಡು' ಅಂದಳು.

ಇನ್ನೊಂದು ಮೆಚ್ಚುಗೆಯ ವಿಷಯ, ಇವರು ಎಲ್ಲ ಕೇಸನ್ನೂ ತೆಗೆದುಕೊಳ್ಳುವುದಿಲ್ಲ. ನಾವು ಕೂತಿದ್ದಾಗ ಆಳಂದ ಕಡೆಯ ಒಬ್ಬ ತಾಯಿ ಬಂದಿದ್ದರು. ಮಗ ರಜೆಯಲ್ಲಿ ಊರಿಗೆ ಬಂದು, ಸ್ವಂತ ಕೆಲಸಕ್ಕೆ ಬೈಕಿನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡಿದ್ದ. ಸಾಹೇಬರು ಆ ತಾಯಿಯ ಕೈ ಹಿಡಿದುಕೊಂಡೇ ಹೇಳಿದರು: "ಅವ್ವಾ, ರಜೆಯೊಳಗೂ ಡ್ಯೂಟಿ ಅಂತಾರ ಖರೆ, ಆದರ ಸಾವಿಗೂ ಸೇವೆಗೂ ಸಂಬಂಧ ತೋರಿಸಬೇಕಾಗ್ತದ. ಇಲ್ಲಿ ಅದು ಬಹಳ ಕಷ್ಟ. ನಿನ್ನ ರೊಕ್ಕ ನಾ ತಗೊಳ್ಳಾಂಗಿಲ್ಲ." ಅದೇ ಹುಡುಗ ರಜೆಗೆ ಮನೆಗೆ ಬರುವ ಪ್ರಯಾಣದಲ್ಲಿ ಇದ್ದಿದ್ದರೆ ಬೇರೆ ಮಾತು. 1999ರ ಮದನ್ ಸಿಂಗ್ ಶೇಖಾವತ್ ಕೇಸಿನಲ್ಲಿ, ರಜೆಗೆ ಸ್ವಂತ ಖರ್ಚಿನಲ್ಲಿ ಹೋಗುತ್ತಿದ್ದ ಸೈನಿಕ ರೈಲಿನಿಂದ ಇಳಿಯುವಾಗ ಕೈ ಕಳೆದುಕೊಂಡದ್ದನ್ನೂ ಸುಪ್ರೀಂ ಕೋರ್ಟ್ ಒಪ್ಪಿತ್ತು. ಆ ತಾಯಿಗೆ ಸಾಮಾನ್ಯ ಪೆನ್ಷನ್ ಸರಿಯಾಗಿ ಬರುತ್ತಿದೆಯಾ ಅಂತ ಮಾತ್ರ ಪರಿಶೀಲಿಸಿಕೊಟ್ಟರು, ದುಡ್ಡಿಲ್ಲದೆ.

ಖರ್ಚು: ಕಾಗದ ನೋಡಿ ಅಭಿಪ್ರಾಯ ಹೇಳಲು ಏನೂ ಇಲ್ಲ. ಆರ್‌ಟಿಐ ಅರ್ಜಿಗೆ ಪ್ರಿಂಟಿನ ದುಡ್ಡು. ಅಪೀಲು ಬರೆಯಲು ನಮ್ಮಿಂದ 1,500 ತೆಗೆದುಕೊಂಡರು. ನ್ಯಾಯಮಂಡಳಿಯ ಕೇಸಿಗೆ ವಕೀಲರ ಫೀಸು ಬೇರೆ, ಕಂತಿನಲ್ಲಿ ಕೊಡಲು ಒಪ್ಪಿದರು, ರಸೀದಿ ಕೊಡುತ್ತಾರೆ. ಕೈಯಲ್ಲಿ ದುಡ್ಡೇ ಇಲ್ಲದವರಿಗೆ ಅವರೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅನ್ನುತ್ತಾರೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. ಸೈನಿಕರ ಕುಟುಂಬಕ್ಕೆ ಅಂತಲೇ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರುವಾಗಿದೆ, ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವಿನ ಕ್ಲಿನಿಕ್ ಇಡುವುದು ಅದರ ಉದ್ದೇಶ. ತಮ್ಮ ಗಿರಾಕಿಯನ್ನು ತಾವೇ ಉಚಿತ ಸೇವೆಗೆ ಕಳಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊರತೆ ಇಲ್ಲ ಅಂತಲ್ಲ. ಮೆಟ್ಟಿಲು ಕಡಿದು, ಹಿಡಿಕೆ ಇಲ್ಲ. ಅಲ್ಲಿಗೆ ಬರುವವರಲ್ಲಿ ಅರ್ಧ ವಯಸ್ಸಾದ ತಾಯಂದಿರೇ. ಮೊಣಕಾಲು ನೋವಿನ ಒಬ್ಬ ಅಜ್ಜಿ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲೇ ಕೂತು, ಸಾಹೇಬರೇ ಇಳಿದು ಬಂದು ಮಾತಾಡಿಸಿದ್ದನ್ನು ನೋಡಿದೆ. ಇಳಿದು ಬಂದದ್ದು ಅವರ ದೊಡ್ಡ ಗುಣ, ಆದರೆ ಕೆಳಗೇ ಒಂದು ಜಾಗ ಮಾಡಬೇಕು. ಮೇಡಂ ಫೋನ್ ಎತ್ತುವುದು ಕಡಿಮೆ. ಮುಂದಿನ ತಾರೀಖು ಯಾವಾಗ ಅಂತ ತಿಳಿಯಲು ನಾನು ಅಂಗಡಿ ಮುಚ್ಚಿ ಹೋಗಬೇಕಾಗಿ ಬಂದದ್ದಿದೆ. ಒಂದು ಮೆಸೇಜು ಹಾಕಿದರೆ ಸಾಕಲ್ವಾ?

ನನಗೆ ಹೆಚ್ಚು ಬೇಜಾರಾದದ್ದು ಇನ್ನೊಂದು. ಅಪೀಲು, ಅಫಿಡವಿಟ್ ಎಲ್ಲ ಇಂಗ್ಲಿಷಿನಲ್ಲಿ. ಓದಿ ಹೇಳುತ್ತಾರೆ, ತಾಳ್ಮೆಯಿಂದ ಹೇಳುತ್ತಾರೆ, ಆದರೆ ಮನೆಗೆ ಬಂದ ಮೇಲೆ ಅಕ್ಕನಿಗೆ ನೆನಪಿರುವುದು ಅರ್ಧ. ಆಕೆ ಏಳನೇ ತರಗತಿವರೆಗೆ ಕನ್ನಡ ಓದಿದವಳು. ತನ್ನ ಗಂಡನ ಸಾವಿನ ಬಗ್ಗೆ ತನ್ನ ಹೆಸರಿನಲ್ಲಿ ಏನು ಬರೆದಿದೆ ಅಂತ ಆಕೆಯೇ ಕೂತು ಓದುವ ಹಾಗೆ ಕನ್ನಡದಲ್ಲಿ ಒಂದೇ ಒಂದು ಪುಟ ಕೊಡಿ ಅಂತ ಕೇಳಿದ್ದೇನೆ. ಮಾಡೋಣ ಅಂದಿದ್ದಾರೆ, ಇನ್ನೂ ಮಾಡಿಲ್ಲ. ಇದನ್ನು ಓದುವ ಇನ್ನೂ ನಾಲ್ಕು ಜನ ಕೇಳಿದರೆ ಮಾಡುತ್ತಾರೆ ಅಂತ ನಂಬಿದ್ದೇನೆ.

ಹೋಗುವವರಿಗೆ: ಶನಿವಾರ ಬಹಳ ಗದ್ದಲ, ವಾರದ ನಡುವೆ ಹೋಗಿ. ಪೆನ್ಷನ್ ಆದೇಶ, ಅಂದರೆ ಪಿಪಿಒ, ವಜಾ ಮಾಡಿದ ಕಾಗದ ಮತ್ತು ಅದು ಬಂದ ಲಕೋಟೆ, ಮರಣ ಪ್ರಮಾಣಪತ್ರ, ಡಿಸ್ಚಾರ್ಜ್ ಬುಕ್ ಅಥವಾ ಯೂನಿಟ್‌ನಿಂದ ಬಂದ ಯಾವುದೇ ಪತ್ರ, ಆಸ್ಪತ್ರೆಯ ಚೀಟಿ, ಎಲ್ಲ ಒಯ್ಯಿರಿ. ಲಕೋಟೆಯ ಮೇಲಿನ ತಾರೀಖು ಆರು ತಿಂಗಳ ಲೆಕ್ಕಕ್ಕೆ ಬೇಕಾಗುತ್ತದೆ, ಬಿಸಾಡಬೇಡಿ. ಗಡುವು ಮುಗಿದಿದೆ ಅಂತ ಸುಮ್ಮನೆ ಕೂರಬೇಡಿ. ತಡವನ್ನು ಮನ್ನಿಸುವಂತೆ ಕೇಳಲು ಅವಕಾಶ ಇದೆ. ಆದರೆ ತಡ ಮಾಡಿ ಗೆದ್ದರೂ ಬಾಕಿ ಸಿಗುವುದು ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷದ್ದು ಮಾತ್ರ, 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ. ತೀರಿಕೊಂಡದ್ದು ಯಾವ ವರ್ಷ ಅಂತ ಮೊದಲೇ ಹೇಳಿ. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ಬಂದಿದೆ, ಅದರ ಆಚೆ ಈಚೆ ಲೆಕ್ಕ ಬೇರೆ ಆಗುತ್ತದೆ. ಮಧ್ಯಾಹ್ನ ಒಂದೂವರೆಗೆ ಸಾಹೇಬರು ಊಟಕ್ಕೆ ಮನೆಗೆ ಹೋಗುತ್ತಾರೆ, ಮೂರರವರೆಗೆ ಬರುವುದಿಲ್ಲ, ಅದಕ್ಕೆ ಮುಂಚೆಯೇ ತಲುಪಿ.